ಅತ್ತೆಯ ದೋಣಿ, ಚಿಕ್ಕತ್ತೆಯ ದೋಣಿ

ಐದನೆಯ ಸಲ ಡಿಕ್ಕಿಯಾದ ಮರುದಿನ ಬೆಳಿಗ್ಗೆ ಅತ್ತೆ ಅರ್ಜಿ ಬರೆದರು. ಬರೆದದ್ದು ಒಡಹುಟ್ಟಿದ ತಂಗಿಯ ಮೇಲೆ, ತಂದು ಕೊಟ್ಟದ್ದು ಸ್ವಂತ ಅಳಿಯನ ಕೈಗೆ.

"ಓದ್ಕೊಳ್ಳಿ ಅಳಿಯಂದ್ರೇ," ಎಂದರು. "ಅಕ್ಷರ ಅರ್ಥ ಆಗ್ದಿದ್ರೆ ಕೇಳಿ, ಹೇಳ್ತೀನಿ. ವಿಷಯನೇ ಅರ್ಥ ಆಗ್ದಿದ್ರೆ ಕೆಲಸ ಬೇರೆಯವ್ರಿಗೆ ಬಿಟ್ಕೊಡಿ."

ಆ ಅಳಿಯನನ್ನು ಊರೆಲ್ಲ ಹೀರೋ ಎಂದೇ ಕರೆಯುತ್ತಿತ್ತು. ಕರೆಯುವವರು ಗೇಲಿಗೆ ಕರೆಯುತ್ತಿದ್ದರು, ಅವನು ಮಾತ್ರ ಬಿರುದು ಬಂತೆಂದು ಕಾಲರು ಎತ್ತಿಕೊಳ್ಳುತ್ತಿದ್ದ. ಮೂರು ತಿಂಗಳ ಹಿಂದೆ ಬಂದರು ಸಮಿತಿ ಅವನನ್ನು ಕೆಲಸಕ್ಕೆ ಹಾಕಿಕೊಂಡಿತ್ತು. ಯಾವ ದೋಣಿ ಎಲ್ಲಿ ನಿಲ್ಲಬೇಕು, ಯಾರ ಹಗ್ಗ ಸವೆದಿದೆ, ಯಾವ ಸರಪಳಿಗೆ ತುಕ್ಕು ಹಿಡಿದಿದೆ, ಇದೆಲ್ಲ ನೋಡಿಕೊಳ್ಳುವುದು ಅವನ ಪಾಲಿಗೆ ಬಂದ ಸಾಮ್ರಾಜ್ಯ.

ಸಾಮ್ರಾಜ್ಯವೆಂದರೆ ಇಷ್ಟೇ. ನದಿ ಸಮುದ್ರ ಸೇರುವಲ್ಲಿ ಒಂದು ಕಲ್ಲಿನ ತಡೆಗೋಡೆ, ಅದರ ಮರೆಯ ಶಾಂತ ನೀರಿನಲ್ಲಿ ತೇಲುವ ಇಪ್ಪತ್ತನಾಲ್ಕು ಕೆಂಪು ಪೀಪಾಯಿಗಳು. ಪ್ರತಿ ಪೀಪಾಯಿಯ ಮೇಲೊಂದು ನಂಬರು, ಕೆಳಗೊಂದು ಸರಪಳಿ, ಸರಪಳಿಯ ತುದಿಗೆ ತಳದ ಕೆಸರಿನಲ್ಲಿ ಎಮ್ಮೆಯ ಹಾಗೆ ಕೂತ ಸಿಮೆಂಟಿನ ದಿಮ್ಮಿ. ದೋಣಿಯ ಮೂತಿಯನ್ನು ಪೀಪಾಯಿಗೆ ಕಟ್ಟಿದರೆ ಕೆಲಸ ಮುಗಿಯಿತು. ಬಾಲಕ್ಕೆ ಯಾವ ಕಟ್ಟೂ ಇಲ್ಲ. ಅದು ಮನಸ್ಸು ಬಂದ ಕಡೆ ತಿರುಗಿಕೊಂಡು ಆಡುತ್ತಿರುತ್ತದೆ.

ಹಿಂದೆ ಈ ಕೆಲಸದಲ್ಲಿದ್ದ ತಾತ ಮೂವತ್ತೊಂದು ವರ್ಷ ನೋಡಿಕೊಂಡು ನಿವೃತ್ತನಾಗಿದ್ದ. ಅವನು ಬಿಟ್ಟುಹೋದ ಪಟ್ಟಿಯನ್ನು ನೋಡಿದರೆ ಹೀರೋಗೆ ತಲೆಬುಡ ಗೊತ್ತಾಗಲಿಲ್ಲ. ಅಣ್ಣನ ದೋಣಿ ಈ ಮೂಲೆಗೆ, ತಮ್ಮನದು ಆ ಮೂಲೆಗೆ. ಅಪ್ಪನದು ಒಂದು ಕಡೆ, ಮಗನದು ಇನ್ನೊಂದು ಕಡೆ. ಯಾರೋ ಇಸ್ಪೀಟು ಎಲೆ ಕಲಸಿ ಎಸೆದ ಹಾಗಿತ್ತು. ಕೆಲಸಕ್ಕೆ ಸೇರಿದ ವಾರದಲ್ಲೇ ಹೀರೋ, ದೋಣಿಗಳಿಂದ ಸರಕು ಇಳಿಸುವ ಧಕ್ಕೆಯ ಮೇಲೆ ನಿಂತು, ಒಂದು ಕಾಲನ್ನು ಹಗ್ಗದ ಸುರುಳಿಯ ಮೇಲಿಟ್ಟು, ಗಂಟಲು ದಪ್ಪ ಮಾಡಿ ಘೋಷಿಸಿದ: "ಇನ್ಮೇಲೆ ಈ ನೀರಲ್ಲಿ ಒಂದೇ ಕಾನೂನು. ರಕ್ತ ಹಂಚ್ಕೊಂಡೋರು ಅಕ್ಕಪಕ್ಕ ನಿಲ್ತಾರೆ!"

ಜನ ಶಿಳ್ಳೆ ಹೊಡೆದರು. ಎರಡೇ ದಿನದಲ್ಲಿ ಮನೆಮನೆಯ ದೋಣಿಗಳು ಸಾಲು ಹಿಡಿದು ನಿಂತವು. ಎಂಟನೆಯ ಪೀಪಾಯಿಗೆ ಅತ್ತೆಯ ಮೀನುದೋಣಿ, ಒಂಬತ್ತಕ್ಕೆ ಅವರ ತಂಗಿ ಚಿಕ್ಕತ್ತೆಯ ಕಡವಿನ ದೋಣಿ. ನದಿಯ ಆ ದಡಕ್ಕೂ ಈ ದಡಕ್ಕೂ ಜನರನ್ನು ದಾಟಿಸುವುದು ಚಿಕ್ಕತ್ತೆಯ ಕಸುಬು.

ಅಲ್ಲಿಂದ ಶುರುವಾಯಿತು. ಎರಡು ವಾರಕ್ಕೊಮ್ಮೆ, ಮಧ್ಯಾಹ್ನದ ಹೊತ್ತು, ಎರಡೂ ದೋಣಿಗಳು ಒಂದಕ್ಕೊಂದು ಢಂ ಎಂದು ಹಾಯುತ್ತಿದ್ದವು. ಮೊದಲ ಸಲ ಅಕ್ಕ ತಂಗಿ ನಕ್ಕರು. ಎರಡನೆಯ ಸಲ ನಗಲಿಲ್ಲ. ಮೂರನೆಯ ಸಲ ಮಾತು ಬಿಟ್ಟರು. ನಿನ್ನೆ ಐದನೆಯದು. ಅತ್ತೆಯ ಚುಕ್ಕಾಣಿಯ ಹಲಗೆ ಎರಡು ಹೋಳಾಯಿತು.

ಸಮಿತಿಯ ನಿಯಮ ಸ್ಪಷ್ಟವಾಗಿತ್ತು. ಎರಡು ದೋಣಿ ಮೂರು ಸಲಕ್ಕಿಂತ ಹೆಚ್ಚು ಹಾಯ್ದರೆ, ಪಟ್ಟಿಗೆ ಆಮೇಲೆ ಸೇರಿದ ದೋಣಿ ತಡೆಗೋಡೆಯ ಆಚೆಗೆ ಹೋಗಬೇಕು. ಆಮೇಲೆ ಸೇರಿದವರು ಚಿಕ್ಕತ್ತೆ. ಗೋಡೆಯ ಆಚೆ ಅಲೆಗಳು ಆನೆಮರಿಗಳ ಹಾಗೆ ನುಗ್ಗುತ್ತವೆ. ಚಿಕ್ಕತ್ತೆಯ ದೋಣಿಯೋ ತಟ್ಟೆಯಂಥ ಚಪ್ಪಟೆ ತಳದ್ದು. ಅಲ್ಲಿ ಒಂದು ತಿಂಗಳು ನಿಂತರೆ ಸೌದೆಯಾಗಿ ದಡಕ್ಕೆ ಬರುತ್ತದೆ, ಕಡವು ಅಲ್ಲಿಗೆ ನಿಲ್ಲುತ್ತದೆ. ಸಂಜೆ ಐದಕ್ಕೆ ಸಭೆ, ಐದೂವರೆಗೆ ಕೈ ಎತ್ತಿಸಿ ತೀರ್ಮಾನ.

ಅರ್ಜಿ ಹಿಡಿದು ಹೀರೋ ತಾನಿದ್ದ ಅತ್ತೆಮನೆಯೊಳಗೆ ಹೋದ. ಅಕ್ಕ ತಂಗಿಯ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಒಂದು ಕಡೆ ಒಗ್ಗರಣೆ ಸಿಡಿದರೆ ಇನ್ನೊಂದು ಕಡೆ ಸೀನು ಬರುತ್ತದೆ. ಅವನ ಹೆಂಡತಿ ಅತ್ತೆಯ ಮಗಳು, ಕೆಲಸ ಮಾಡುವುದು ಚಿಕ್ಕಮ್ಮನ ಕಡವಿನಲ್ಲಿ, ಟಿಕೆಟು ಹರಿದು ಕೊಡುವುದು. ಒಂದು ತಿಂಗಳಿಂದ ಅವಳಿಗೆ ಅದರ ಮೇಲೆ ಅಂಚೆಯವಳ ಕೆಲಸವೂ ಬಿದ್ದಿತ್ತು.

"ನಿಮ್ಮಮ್ಮಂಗೆ ಹೇಳು," ಎಂದು ಗೋಡೆಯ ಆ ಕಡೆಯಿಂದ ಚಿಕ್ಕತ್ತೆಯ ದನಿ ಬಂತು, "ನನ್ನ ದೋಣಿ ಗೋಡೆ ಆಚೆ ಹೋದ್ರೂ ಪರವಾಗಿಲ್ಲ, ಅವಳ ಬಾಲ ನೋಡೋದು ತಪ್ಪುತ್ತೆ ಅಂತ."

"ನಿಮ್ಮ ಚಿಕ್ಕಮ್ಮಂಗೆ ಹೇಳು," ಎಂದು ಈ ಕಡೆಯಿಂದ ಅತ್ತೆ, "ಹದಿನೈದು ದಿನಕ್ಕೊಂದ್ಸಲ ಹಗ್ಗ ಉದ್ದ ಬಿಡೋ ಚಟ ಬಿಟ್ಟಿದ್ರೆ ಇದೆಲ್ಲ ಆಗ್ತಿರ್ಲಿಲ್ಲ ಅಂತ."

"ಇಬ್ರಿಗೂ ಕಿವಿ ಕೇಳ್ಸುತ್ತೆ, ನನ್ಯಾಕೆ ಸಾಯಿಸ್ತೀರಾ!" ಎಂದು ಹೆಂಡತಿ ಸೌಟು ಕುಕ್ಕಿ, ಗಂಡನ ಕಡೆ ತಿರುಗಿದಳು. "ರೀ, ನೀವು ಜಾಗ ನೋಡ್ಕೊಳ್ಳೋರಲ್ವಾ? ನೋಡಿ ಮತ್ತೆ. ಚಿಕ್ಕಮ್ಮ ಇವತ್ತು ಸಂಜೆ ಆಚೆ ಹೋದ್ರೆ ಈ ಗೋಡೆ ಇನ್ನೆರಡು ಅಡಿ ದಪ್ಪ ಆಗುತ್ತೆ. ಆಮೇಲೆ ನಾನು ಯಾರ ಮಗಳು, ಯಾರ ಕೆಲಸದವಳು ಅಂತ ನೀವೇ ಹೇಳ್ಬೇಕು."

"ಹೆದರ್ಬೇಡ ಕಣೇ. ನಾನಿರೋ ತನಕ..."

"ಡೈಲಾಗ್ ಬೇಡ. ಉತ್ತರ ಬೇಕು."

ಹೀರೋ ಎರಡೂ ಹಗ್ಗಗಳನ್ನು ಹಿಂದೆಯೇ ಅಳೆದಿದ್ದ. ಎರಡೂ ನಾಲ್ಕೇ ಮಾರು. ಗಂಟು ಸರಿ, ಸರಪಳಿ ಸರಿ, ದಿಮ್ಮಿಗಳು ಒಂದಿಂಚೂ ಜರುಗಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ, ಆದರೂ ಡಿಕ್ಕಿ. ಮೂರು ರಾತ್ರಿಯಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಅವನಿಗೆ ಉಳಿದಿದ್ದ ದಾರಿ ಒಂದೇ, ಡಿಕ್ಕಿಯಾಗುವುದನ್ನು ಕಣ್ಣಾರೆ ನೋಡುವುದು. ಇಷ್ಟು ದಿನ ಎಲ್ಲರೂ ನೋಡಿದ್ದು ಢಂ ಎಂದ ಮೇಲಿನದನ್ನು. ಢಂ ಎನ್ನುವ ಮುಂಚಿನ ಹತ್ತು ನಿಮಿಷವನ್ನು ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವನು ಬಂದರಿನ ಪುಟ್ಟ ಹುಟ್ಟುದೋಣಿ ಹತ್ತಿದ. ಹೆಂಡತಿಯೂ ಹತ್ತಿದಳು. ಸಮುದ್ರದ ಇಳಿತಕ್ಕೆ ನೀರು ಇಳಿದಾಗ ಕಡವಿನ ಮೆಟ್ಟಿಲ ಬುಡದಲ್ಲಿ ಕೆಸರೇ ಕೆಸರು, ಜನ ಇಳಿಯುವಂತಿಲ್ಲ. ಹಾಗಾಗಿ ಚಿಕ್ಕತ್ತೆ ಆ ಹೊತ್ತಿನಲ್ಲಿ ದೋಣಿಯನ್ನು ಪೀಪಾಯಿಗೆ ಕಟ್ಟಿ ಮನೆಗೆ ಹೋಗುತ್ತಾರೆ, ಟಿಕೆಟಿನವಳಿಗೂ ಬಿಡುವು. ಅತ್ತೆಯಂತೂ ಬೆಳಗಿನ ಮೀನು ಇಳಿಸಿ ಹನ್ನೆರಡಕ್ಕೇ ಕಟ್ಟಿರುತ್ತಾರೆ, ಇವತ್ತು ಚುಕ್ಕಾಣಿ ಮುರಿದು ದೋಣಿ ಹೊರಟೇ ಇರಲಿಲ್ಲ. ಎರಡು ದೋಣಿಗಳ ನಡುವಿನ ಜಾಗಕ್ಕೆ ಹುಟ್ಟು ಹಾಕಿ ಹೋಗಿ, ಒಂದು ಕಲ್ಲು ಇಳಿಬಿಟ್ಟು ಇಬ್ಬರೂ ಕೂತರು.

"ಈಗ?" ಎಂದಳು ಹೆಂಡತಿ.

"ಈಗ ವೆಯ್ಟಿಂಗು. ವಿಲನ್ ಎಂಟ್ರಿಗೆ ಟೈಮ್ ಬೇಕು."

"ವಿಲನ್ ಯಾರು?"

"ಅದೇ ಸಸ್ಪೆನ್ಸು."

ನದಿಯ ನೀರು ಸಮುದ್ರದ ಕಡೆಗೆ ಇಳಿಯುತ್ತಿತ್ತು. ಎರಡೂ ದೋಣಿಗಳು ಒಳ್ಳೆ ಮಕ್ಕಳ ಹಾಗೆ ಮೂತಿಯನ್ನು ನದಿಯ ಕಡೆ ಇಟ್ಟು, ಬಾಲವನ್ನು ಸಮುದ್ರದ ಕಡೆ ಚಾಚಿ, ಒಂದರ ಹಿಂದೆ ಒಂದು ನಿಂತಿದ್ದವು. ಅತ್ತೆಯದು ನದಿಯ ಕಡೆಗೆ, ಚಿಕ್ಕತ್ತೆಯದು ಸಮುದ್ರದ ಕಡೆಗೆ. ಮೂರೂ ಇಪ್ಪತ್ತರ ಹೊತ್ತಿಗೆ ಸೆಳೆತ ಸಣ್ಣದಾಯಿತು. ಸಮುದ್ರದ ಗಾಳಿ ಎದ್ದಿತು. ಹೆಂಡತಿಯ ಸೆರಗು ಹಾರಿ ಹೀರೋನ ಮುಖಕ್ಕೆ ಬಡಿಯಿತು. ಅವನು ಅದನ್ನು ಸರಿಸಿ ನೋಡುವಷ್ಟರಲ್ಲಿ ಚಿಕ್ಕತ್ತೆಯ ದೋಣಿ ಅರ್ಧ ತಿರುಗಿತ್ತು.

"ರೀ, ಅದು ತಿರುಗ್ತಿದೆ."

"ನೋಡ್ತಿದೀನಿ."

"ಅಮ್ಮಂದು ತಿರುಗ್ತಿಲ್ಲ."

ಹೀರೋ ಕತ್ತು ಹೊರಳಿಸಿ ಎರಡನ್ನೂ ನೋಡಿದ. ಚಿಕ್ಕತ್ತೆಯ ದೋಣಿಗೆ ಜನರಿಗೆ ನೆರಳಾಗಲೆಂದು ಎತ್ತರದ ತಗಡಿನ ಚಾವಣಿ, ನೀರಿನೊಳಗೆ ಒಂದು ಗೇಣೂ ಇಳಿಯದ ತಳ. ಗಾಳಿ ಆ ಚಾವಣಿಯನ್ನು ಹಿಡಿದು ಇಡೀ ದೋಣಿಯನ್ನು ಗಿರಕಿ ಹೊಡೆಸಿತ್ತು. ಮೂತಿ ಸಮುದ್ರಕ್ಕೆ, ಬಾಲ ನದಿಗೆ. ಅತ್ತೆಯದು ಹೊಟ್ಟೆ ಆಳದ ದೋಣಿ, ಆಳಿನೆತ್ತರ ನೀರೊಳಗೇ ಇದೆ. ಅದಕ್ಕೆ ಗಾಳಿ ಯಾವ ಲೆಕ್ಕ? ತಳದಲ್ಲಿ ಇನ್ನೂ ಹರಿಯುತ್ತಿದ್ದ ಒಂದಿಷ್ಟು ನೀರಿನ ಮಾತು ಕೇಳಿಕೊಂಡು ಅದು ಬಾಲವನ್ನು ಸಮುದ್ರದ ಕಡೆಗೇ ಇಟ್ಟುಕೊಂಡಿತ್ತು. ನೀರು ಇಳಿದದ್ದರಿಂದ ಸರಪಳಿಗಳು ಸಡಿಲ, ಎರಡಕ್ಕೂ ಓಡಾಡಲು ಇನ್ನಷ್ಟು ಜಾಗ. ಅಕ್ಕನ ಬಾಲ ಈ ಕಡೆಗೆ, ತಂಗಿಯ ಬಾಲ ಆ ಕಡೆಗೆ. ನಡುವೆ ಹುಟ್ಟುದೋಣಿ.

"ರೀ!" ಎಂದು ಹೆಂಡತಿ ಕಿರುಚಿದಳು. "ಕಲ್ಲು ಎತ್ರೀ!"

ಹೀರೋ ಕಲ್ಲು ಎತ್ತಲಿಲ್ಲ. ಬಾಯಿ ತೆರೆದುಕೊಂಡು ಕೂತಿದ್ದ. ಹೆಂಡತಿಯೇ ಎದ್ದು ಒಂದು ಕಾಲನ್ನು ಅಮ್ಮನ ದೋಣಿಗೆ, ಬೆನ್ನನ್ನು ಚಿಕ್ಕಮ್ಮನ ದೋಣಿಗೆ ಕೊಟ್ಟು ತಳ್ಳಿದಳು. ಹುಟ್ಟುದೋಣಿ ಬಾಗಿಲ ಸಂದಿಯಿಂದ ಹಲ್ಲಿ ನುಸುಳಿದ ಹಾಗೆ ಪಕ್ಕಕ್ಕೆ ಜಾರಿತು. ಹಿಂದೆಯೇ ಢಂ!

ಹೀರೋ ಎರಡೂ ಕೈಯಲ್ಲಿ ತಲೆ ಹಿಡಿದು ನಗಲು ಶುರುಮಾಡಿದ. ನಗುತ್ತಲೇ ಅವನ ಮುಖ ಇಳಿಯಿತು.

"ಯಾರೂ ಏನೂ ಮಾಡಿಲ್ಲ ಕಣೇ," ಎಂದ. "ಅತ್ತೆನೂ ಮಾಡಿಲ್ಲ, ಚಿಕ್ಕತ್ತೆನೂ ಮಾಡಿಲ್ಲ. ಒಂದು ನೀರಿನ ಮಾತು ಕೇಳುತ್ತೆ, ಇನ್ನೊಂದು ಗಾಳಿ ಮಾತು ಕೇಳುತ್ತೆ. ನೀರು ಪೂರ್ತಿ ಇಳಿಯೋದು, ಮಧ್ಯಾಹ್ನದ ಗಾಳಿ ಏಳೋದು, ಎರಡೂ ಒಟ್ಟಿಗೆ ಬರೋದು ಹದಿನೈದು ದಿನಕ್ಕೊಂದ್ಸಲ, ಎರಡು ಮೂರು ದಿನ ಅಷ್ಟೇ. ಉಳಿದ ದಿನ ಎರಡೂ ಜೊತೆಯಾಗೇ ತಿರುಗ್ತವೆ."

"ಅಂದ್ರೆ ತಪ್ಪು ಯಾರ್ದು?"

ಹೀರೋ ಕಾಲರು ಕೆಳಗೆ ಮಡಿಸಿದ. "ಎರಡನ್ನೂ ಪಕ್ಕಪಕ್ಕ ತಂದು ಕಟ್ಟಿದವನದು."

ಹೆಂಡತಿ ಅವನನ್ನೇ ನೋಡಿದಳು. ಅವಳಿಗೆ ಬೈಯಬೇಕಿತ್ತು. ಆದರೆ ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಹಗುರಾಗಿ ಅವಳಿಗೂ ನಗುವೇ ಬಂತು. "ಹಾಗಾದ್ರೆ ಚಿಕ್ಕಮ್ಮ ಆಚೆ ಹೋಗ್ಬೇಕಾಗಿಲ್ಲ?"

"ಸಮಿತಿಯೋರು ನನ್ನ ಮಾತು ನಂಬಿದ್ರೆ."

"ನಂಬ್ತಾರೆ. ನೀವು ಮೊದಲ್ನೇ ಸಲ ನಿಮ್ಮ ಬಗ್ಗೆನೇ ಕೆಟ್ಟದಾಗಿ ಹೇಳ್ತೀರಲ್ಲ, ಯಾಕ್ ನಂಬಲ್ಲ?" ಎಂದು ಅವಳು ಹುಟ್ಟು ಕೈಗೆ ತೆಗೆದುಕೊಂಡಳು.

ಸಮಿತಿಯ ಕಚೇರಿಯ ಮಾಡು ರಿಪೇರಿಯಲ್ಲಿತ್ತು. ಅದು ಮುಗಿಯುವ ತನಕ ಸಭೆ ಅಧ್ಯಕ್ಷರ ಹೊಲಿಗೆ ಅಂಗಡಿಯಲ್ಲಿ. ಅಧ್ಯಕ್ಷರು ದರ್ಜಿ, ಕೊರಳಲ್ಲಿ ಅಳತೆ ಟೇಪು ಸದಾ ನೇತಾಡುತ್ತಿರುತ್ತದೆ. ಬಟನ್ ಹಾಕದ ಅಂಗಿಗಳ ಕೆಳಗೆ ಬೆಂಚು ಹಾಕಿ ಎಂಟು ಜನ ಸದಸ್ಯರು ಕೂತಿದ್ದರು, ಮೂಲೆಯಲ್ಲಿ ನಿವೃತ್ತ ತಾತ. ಅತ್ತೆ ಬಲಗೋಡೆಗೆ, ಚಿಕ್ಕತ್ತೆ ಎಡಗೋಡೆಗೆ. ಇಬ್ಬರ ಮುಖವೂ ಎದುರಿನ ಗೋಡೆಯ ಗಡಿಯಾರದ ಕಡೆಗೆ.

"ಐದಾಯ್ತು," ಎಂದರು ಅಧ್ಯಕ್ಷರು. "ಬಟ್ಟೆ ಒಂದೇ, ಇಬ್ರಿಗೂ ಸಾಲ್ತಿಲ್ಲ. ಕತ್ತರಿಸದೆ ಬೇರೆ ದಾರಿ ಕಾಣ್ತಿಲ್ಲ. ಅಮ್ಮಾ, ಅರ್ಜಿ ವಾಪಸ್ ತಗೊಳ್ತೀರಾ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನನ್ನ ಚುಕ್ಕಾಣಿ ಮುರಿದಿದೆ," ಎಂದರು. ಅಷ್ಟೇ ಅಂದರು. ಅವರ ದನಿಯಲ್ಲಿ ಬೆಳಗಿನ ಖಾರ ಇರಲಿಲ್ಲ.

"ಅವಳು ತಗೊಳ್ಳಲ್ಲ, ನಾನೂ ಕೇಳಲ್ಲ," ಎಂದರು ಚಿಕ್ಕತ್ತೆ ಗಡಿಯಾರಕ್ಕೆ.

"ಕೈ ಎತ್ತೋಕೆ ಮುಂಚೆ ಒಂದ್ನಿಮಿಷ!" ಹೀರೋ ಒಳಗೆ ನುಗ್ಗಿದ. ಮಂಡಿಯ ತನಕ ಕೆಸರು, ಏದುಸಿರು. "ಅಧ್ಯಕ್ಷರೇ, ನಿಮ್ಮ ಇಸ್ತ್ರಿ ಪೆಟ್ಟಿಗೆ ಕೊಡಿ. ಒಂದು ಅಂಗಿ ಕೊಡಿ. ದಾರ ಕೊಡಿ."

"ಮುಹೂರ್ತ ಏನಾದ್ರೂ ಇಟ್ಕೊಂಡಿದೀಯೇನಪ್ಪಾ ಸಿನಿಮಾಗೆ?"

"ಕೊಡಿ ಸಾರ್, ಎರಡೇ ಸೀನು."

ಅವನು ಮಾಡಿನ ತೊಲೆಗೆ ಎರಡು ದಾರ ಕಟ್ಟಿ, ಒಂದಕ್ಕೆ ಆರಿದ ಇಸ್ತ್ರಿ ಪೆಟ್ಟಿಗೆಯನ್ನೂ ಒಂದಕ್ಕೆ ಹ್ಯಾಂಗರಿನ ಅಂಗಿಯನ್ನೂ ನೇತುಹಾಕಿದ. "ಇದು ಅತ್ತೆ," ಎಂದ ಪೆಟ್ಟಿಗೆ ತೋರಿಸಿ.

"ನೋಡಿದ್ರಾ, ನನ್ನ ಕಬ್ಬಿಣ ಅಂತಾನೆ," ಎಂದರು ಅತ್ತೆ.

"ನಿಮ್ಮ ದೋಣಿ ಅತ್ತೆ, ದೋಣಿ! ಇದು ಚಿಕ್ಕತ್ತೆ ದೋಣಿ." ಅಂಗಿ ತೋರಿಸಿ ಅವನು ಟೇಬಲ್ ಫ್ಯಾನಿನ ಗುಂಡಿ ಒತ್ತಿದ. ಅಂಗಿ ಹಾರಿ ತೋಳು ಬೀಸಿ ಕುಣಿಯಿತು. ಪೆಟ್ಟಿಗೆ ಮಿಸುಕಲಿಲ್ಲ. ಎರಡನೆಯ ಸುತ್ತಿಗೆ ಅಂಗಿಯ ತೋಳು ಹೋಗಿ ಪೆಟ್ಟಿಗೆಗೆ ರಪ್ಪನೆ ಬಡಿಯಿತು.

ಸದಸ್ಯರು ಬೆಂಚಿನಿಂದ ಮುಂದಕ್ಕೆ ಬಾಗಿದರು. ಹೀರೋ ಗಾಳಿಯ ಕಥೆ, ನೀರಿನ ಕಥೆ, ಸಡಿಲ ಸರಪಳಿಯ ಕಥೆ ಎಲ್ಲ ಹೇಳಿದ. ಕೊನೆಗೆ, "ಯಾರೂ ಹಗ್ಗ ಬಿಟ್ಟಿಲ್ಲ," ಎಂದ. "ಅವೆರಡು ದೋಣಿ ಪಕ್ಕದಲ್ಲಿ ನಿಲ್ಲೋ ಜಾತಿಯವೇ ಅಲ್ಲ. ಸಂಬಂಧ ನೋಡ್ಕೊಂಡು ಕಟ್ಟಿದೆ, ತಳ ನೋಡ್ಲಿಲ್ಲ. ತಪ್ಪು ನಂದು. ಆಚೆ ಕಳಿಸ್ಲೇಬೇಕು ಅಂದ್ರೆ ನನ್ನ ಕಳ್ಸಿ."

ಮೊದಲು ನಕ್ಕವರು ಚಿಕ್ಕತ್ತೆ. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಅಕ್ಕಾ," ಎಂದರು. ಒಂದು ತಿಂಗಳ ಮೇಲೆ ಆ ಮಾತು ಬಾಯಿಂದ ಬಂದಿತ್ತು. "ಅಕ್ಕಾ, ನಾವಿಬ್ರೂ ಜಗಳ ಆಡಿದ್ದು ಗಾಳಿ ಜೊತೆ ಕಣೇ!"

"ನನ್ನ ಚುಕ್ಕಾಣಿ..." ಎಂದು ಅತ್ತೆ ಶುರುಮಾಡಿದರು. ಅರ್ಧಕ್ಕೇ ಬಿಟ್ಟು ಕೈ ಕೊಡವಿದರು. "ಹಾಳಾಗ್ಹೋಗ್ಲಿ ಚುಕ್ಕಾಣಿ. ಬೆಳಿಗ್ಗೆ ಆ ಅರ್ಜಿ ಕೊಟ್ಟಾಗಿನಿಂದ ಒಂದು ತುತ್ತು ಇಳಿದಿಲ್ಲ ನಂಗೆ. ಯಾರಾದ್ರೂ ತಡೀತಾರಾ ಅಂತ ಕಾಯ್ತಿದ್ದೆ, ಒಬ್ರೂ ತಡೀಲಿಲ್ಲ. ಎಲ್ಲಿ ಅದು?" ಅಧ್ಯಕ್ಷರ ಮೇಜಿನಿಂದ ಅರ್ಜಿ ಎಳೆದುಕೊಂಡು ನಾಲ್ಕು ಚೂರು ಮಾಡಿದರು. ಚೂರುಗಳು ಬಟ್ಟೆಯ ತುಂಡುಗಳ ಬುಟ್ಟಿಗೆ ಹೋದವು.

ಅಧ್ಯಕ್ಷರು ಟೇಪಿನ ತುದಿಯಿಂದ ಹಣೆ ಒರೆಸಿಕೊಂಡರು. ಮೂವತ್ತು ವರ್ಷದಿಂದ ಇಬ್ಬರ ರವಿಕೆಯನ್ನೂ ಹೊಲಿಯುತ್ತಿದ್ದವರು ಅವರೇ. ಯಾರ ಪರ ತೀರ್ಮಾನ ಕೊಟ್ಟರೂ ಒಬ್ಬ ಗಿರಾಕಿ ಹೋದ ಹಾಗೆಯೇ ಇತ್ತು. ಈಗ ತಾತನ ಕಡೆ ತಿರುಗಿದರು. "ನೀವು ಇದನ್ನ ಇವನಿಗೆ ಮೊದ್ಲೇ ಹೇಳ್ಬಾರ್ದಿತ್ತಾ?"

ತಾತ ಕೆರೆದುಕೊಳ್ಳಲು ತಲೆಯ ಮೇಲೆ ಕೂದಲು ಹುಡುಕಿದ. "ನಂಗೆ ಗೊತ್ತಿದ್ರಲ್ವಾ ಹೇಳೋದು?"

"ಮತ್ತೆ ಮೂವತ್ತೊಂದು ವರ್ಷ ಒಂದೂ ಡಿಕ್ಕಿ ಆಗ್ಲಿಲ್ಲವಲ್ಲ!"

"ನನಗಿಂತ ಮುಂಚೆ ಇದ್ದೋನು ಹಾಗೇ ಕಟ್ಟಿದ್ದ. ನಾನೂ ಹಾಗೇ ಬಿಟ್ಟೆ. ಹೊಸ ದೋಣಿ ಬಂದ್ರೆ ಅಂಥದ್ದೇ ಇನ್ನೊಂದರ ಪಕ್ಕ ಹಾಕ್ತಿದ್ದೆ, ನೋಡೋಕೆ ಲಕ್ಷಣವಾಗಿರ್ಲಿ ಅಂತ. ಎಲ್ರೂ ನನ್ನನ್ನ ಭಾರೀ ಬುದ್ಧಿವಂತ ಅಂದ್ರು, ನಾನು ಬೇಡ ಅನ್ಲಿಲ್ಲ." ಅವನೂ ದೊಡ್ಡ ಉಸಿರು ಬಿಟ್ಟ. "ಯಾರಾದ್ರೂ ಯಾಕೆ ಅಂತ ಕೇಳಿಬಿಟ್ರೆ ಏನು ಹೇಳೋದು ಅಂತ ಮೂವತ್ತೊಂದು ವರ್ಷ ಹೆದರ್ಕೊಂಡೇ ಇದ್ದೆ ನೋಡಿ. ಸದ್ಯ, ಇವತ್ತು ಉತ್ತರ ಸಿಕ್ತು."

ಬೆಂಚೇ ಅಲುಗುವಂತೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅಧ್ಯಕ್ಷರು ತೀರ್ಮಾನ ಹೇಳಿದರು: ಚಿಕ್ಕತ್ತೆಯ ದೋಣಿ ಎಲ್ಲಿಗೂ ಹೋಗುವುದಿಲ್ಲ. ಹೀರೋನೂ ಎಲ್ಲಿಗೂ ಹೋಗುವುದಿಲ್ಲ, ಅವನು ಕೆಡಿಸಿದ್ದನ್ನು ಅವನೇ ಸರಿಮಾಡಬೇಕು.

"ಸರಿ, ನನ್ನನ್ನ ಹಳೇ ಜಾಗಕ್ಕೆ ಕಟ್ಟು," ಎಂದರು ಚಿಕ್ಕತ್ತೆ. ಆದರೆ ಮುಖ ಸಣ್ಣಗಾಗಿತ್ತು. "ಆ ಮೂಲೆಗೆ."

"ಆ ಮೂಲೆ ಯಾಕೆ?" ಎಂದರು ಅತ್ತೆ. "ಅಷ್ಟು ದೂರದಿಂದ ನೀನು ಕೂಗಿದ್ರೆ ನಂಗೆ ಕೇಳ್ಸುತ್ತಾ?"

"ನಾನ್ಯಾಕೆ ಕೂಗ್ಲಿ?"

"ಕೂಗ್ದೆ ಇದ್ದವಳು ನೀನು ಯಾವಾಗ?"

ಹೀರೋ ತೂಗುತ್ತಿದ್ದ ಅಂಗಿಯನ್ನೇ ನೋಡುತ್ತಿದ್ದ. ಸಟ್ಟನೆ ಎದ್ದು ಎರಡು ದಾರಗಳನ್ನೂ ಬಿಚ್ಚಿ ಜಾಗ ಅದಲುಬದಲು ಮಾಡಿದ. ಪೆಟ್ಟಿಗೆ ಇದ್ದಲ್ಲಿ ಅಂಗಿ, ಅಂಗಿ ಇದ್ದಲ್ಲಿ ಪೆಟ್ಟಿಗೆ. ಫ್ಯಾನು ಹಾಕಿದ. ಅಂಗಿ ಹಾರಿತು, ಪೆಟ್ಟಿಗೆಯಿಂದ ಆಚೆಗೆ. ತೋಳು ಎಷ್ಟು ಬೀಸಿದರೂ ಪೆಟ್ಟಿಗೆಗೆ ಎಟುಕಲಿಲ್ಲ.

"ಪಕ್ಕದಲ್ಲೇ ಇರ್ಬೋದು!" ಎಂದು ಕೂಗಿದ. "ಎಂಟಕ್ಕೆ ಚಿಕ್ಕತ್ತೆ, ಒಂಬತ್ತಕ್ಕೆ ಅತ್ತೆ. ಒಂದರ ಬಾಲ ಆಚೆ, ಇನ್ನೊಂದರದು ಈಚೆ. ಮೂತಿಗೆ ಮೂತಿ!"

"ಬೆಳಗಿನ ಗಾಳಿ ಉಲ್ಟಾ ಬೀಸುತ್ತಲ್ಲ, ಆವಾಗ?" ಎಂದ ತಾತ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪ್ರಶ್ನೆ ಕೇಳುವ ರುಚಿ ಹತ್ತಿತ್ತು ಅವನಿಗೆ.

"ಬೆಳಿಗ್ಗೆ ಎರಡೂ ಕೆಲಸಕ್ಕೆ ಹೋಗಿರ್ತವೆ ತಾತ. ಪೀಪಾಯಿ ಪೀಪಾಯಿ ಮುಖ ನೋಡ್ಕೊಂಡಿರ್ತವೆ ಅಷ್ಟೇ."

ಮರುದಿನ ಮಧ್ಯಾಹ್ನ ಎರಡೂ ದೋಣಿಗಳನ್ನು ಅವನು ಜಾಗ ಬದಲಿಸಿ ಕಟ್ಟಿದ. ನೀರು ಪೂರ್ತಿ ಇಳಿಯುವುದು ನಾಲ್ಕೂವರೆಗೆ, ಗಾಳಿ ಮೂರರಿಂದಲೇ ಎದ್ದಿತ್ತು. ನಾಲ್ಕಕ್ಕೆ ಧಕ್ಕೆಗೆ ಬಂದ ಹೀರೋ ಬೆಚ್ಚಿದ. ಊರಿಗೆ ಊರೇ ಬಂದು ನಿಂತಿತ್ತು. ಕಡವಿಗೆ ಕಾಯುವವರು, ಬಲೆ ಹೆಣೆಯುವವರು, ಮಂಜುಗಡ್ಡೆಯ ಲಾರಿಯ ಡ್ರೈವರು, ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಓಡಿ ಬಂದ ಅಧ್ಯಕ್ಷರು. ಮುಂದಿನ ಸಾಲಿನಲ್ಲಿ, ಒಂದೇ ಮರದ ಪೆಟ್ಟಿಗೆಯ ಮೇಲೆ ಒತ್ತಿಕೊಂಡು, ಅಕ್ಕ ತಂಗಿ.

ಸೆಳೆತ ನಿಂತಿತು. ಚಿಕ್ಕತ್ತೆಯ ದೋಣಿ ನಿಧಾನವಾಗಿ ಗಿರಕಿ ಹೊಡೆಯಿತು. ಒಬ್ಬರೂ ಉಸಿರು ಬಿಡಲಿಲ್ಲ. ಬಾಲ ನದಿಯ ಕಡೆಗೆ ಹೋಯಿತು, ಇನ್ನೂ ಹೋಯಿತು, ಹೋಗಿ ಅಲ್ಲೇ ನಿಂತಿತು. ಅತ್ತೆಯ ದೋಣಿಯ ಬಾಲ ಸಮುದ್ರದ ಕಡೆಗೆ ಚಾಚಿ ಸುಮ್ಮನಿತ್ತು. ಎರಡರ ಮೂತಿಗಳು ಎರಡು ಪೀಪಾಯಿಗಳ ನಡುವಿನ ನೀರಿನ ಮೇಲೆ ಎದುರುಬದುರಾಗಿ, ಏನೋ ಗುಟ್ಟು ಮಾತಾಡುವ ಹಾಗೆ ನಿಂತವು. ಐದು ನಿಮಿಷವಾಯಿತು. ಹತ್ತಾಯಿತು. ಹದಿನೈದಕ್ಕೆ ಸಮುದ್ರದ ನೀರು ಒಳಗೆ ಬರತೊಡಗಿ ಅತ್ತೆಯ ದೋಣಿಯೂ ತಂಗಿಯದರ ಹಾಗೆಯೇ ತಿರುಗಿಕೊಂಡಿತು.

ಏನೂ ಆಗಲಿಲ್ಲ.

ಮೊದಲು ಲಾರಿ ಡ್ರೈವರು ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ಯಾರೋ ಶಿಳ್ಳೆ ಹೊಡೆದರು. ಅಧ್ಯಕ್ಷರು ಬಾಯಿಂದ ಸೂಜಿ ತೆಗೆದು, "ಫಿಟ್ಟಿಂಗು ಸರಿಯಾಗಿದೆ!" ಎಂದು ಕೂಗಿದರು.

"ನಾಳೆ ಎಷ್ಟು ಹೊತ್ತಿಗೆ ಇಳಿಯುತ್ತೆ ಅಳಿಯಂದ್ರೇ ನೀರು?" ಎಂದು ಅತ್ತೆ ಕೇಳಿದರು.

"ಐದೂ ಇಪ್ಪತ್ತಕ್ಕೆ ಅತ್ತೆ. ನಾಳೆ ಬರೋದೇನೂ ಬೇಡ, ಗಾಳಿ ಅಷ್ಟೊತ್ತಿಗೆ ಬಿದ್ದಿರುತ್ತೆ."

"ಬರ್ತೀವಿ ಬಿಡಿ," ಎಂದರು ಚಿಕ್ಕತ್ತೆ. "ಏನೂ ಆಗ್ದೇ ಇರೋದನ್ನ ನೋಡೋಕೆ ಇಷ್ಟು ಚೆನ್ನಾಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಹೆಂಡತಿ ಏನೋ ಹೇಳಲು ಗಂಡನ ಕಡೆ ತಿರುಗಿದಳು. ಹೀರೋ ಹಗ್ಗದ ಸುರುಳಿಗೆ ಒರಗಿ, ಕೆಸರು ಕಾಲುಗಳನ್ನು ಚಾಚಿ, ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದ.

"ಎಬ್ಬಿಸ್ಬೇಡ," ಎಂದರು ಅತ್ತೆ ಮೆಲ್ಲಗೆ.

"ಎಬ್ಬಿಸಿದ್ರೆ ಮಾತು ಶುರು ಮಾಡ್ತಾನೆ," ಎಂದರು ಚಿಕ್ಕತ್ತೆ ಇನ್ನೂ ಮೆಲ್ಲಗೆ. ಅಕ್ಕನ ಕಡೆ ಇನ್ನೊಂದಿಷ್ಟು ಸರಿದು ಕೂತರು.